ಸೊಂಟ ನೋವಿಗೆ ಯೋಗ: ನೋವು ಎತ್ತ ಸರಿಯುತ್ತದೆ ಎಂದು ನೋಡಿಕೊಂಡು ಮಾಡುವ ಕ್ರಮ

ಮುಂಬೈಯ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸುಮಾರು 48 ಕಿಲೋಮೀಟರ್. ಹದಿನೆಂಟು ವರ್ಷ ಆ ದಾರಿಯನ್ನು ಲೇಡೀಸ್ ಡಬ್ಬಿಯಲ್ಲಿ ಹೆಚ್ಚಾಗಿ ನಿಂತೇ ಸವೆಸಿದ್ದೇನೆ. ಹೋಗುವಾಗ ಒಂದು ಗಂಟೆಗೂ ಮೇಲೆ, ಬರುವಾಗ ಮತ್ತಷ್ಟು, ನಡುವೆ ಎಂಟು ಗಂಟೆ ಆಫೀಸಿನ ಕುರ್ಚಿ. ಹತ್ತನೇ ವರ್ಷಕ್ಕೆ ಸೊಂಟ ಹಿಡಿಯಿತು. ನೆಲ ಒರೆಸಲು ಬಗ್ಗಿದರೆ ಎದ್ದು ನಿಲ್ಲಲು ಗೋಡೆ ಬೇಕಾಗುತ್ತಿತ್ತು.

ಆಗ ಮನೆಯ ಹತ್ತಿರದ ಒಂದು ಯೋಗ ಕ್ಲಾಸಿಗೆ ಸೇರಿದೆ. ಮೂವತ್ತು ಜನಕ್ಕೆ ಒಬ್ಬರು ಕಲಿಸುವವರು, ಎಲ್ಲರಿಗೂ ಒಂದೇ ಪಾಠ. ಎರಡನೇ ವಾರ, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಕಾಲ್ಬೆರಳು ಮುಟ್ಟಲಿ ಎಂದು ಹಿಂದಿನಿಂದ ಬೆನ್ನು ಒತ್ತಿದರು. ಅಂದು ರಾತ್ರಿ ಸೊಂಟದಲ್ಲಿದ್ದ ನೋವು ಎಡಗಾಲಿನ ಮೀನಖಂಡದವರೆಗೆ ಇಳಿಯಿತು. ಎರಡು ತಿಂಗಳು ರಜೆ ಹಾಕಿದೆ. ಆಮೇಲೆ ಸರಿಯಾದದ್ದೂ ಯೋಗದಿಂದಲೇ. ಆದರೆ ಅದು ಬೇರೆ ಆಸನಗಳು, ಬೇರೆ ಕ್ರಮ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈಗ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಹಾಲ್‌ನಲ್ಲಿ ಹತ್ತು ಹನ್ನೆರಡು ಮಂದಿ ಕನ್ನಡದವರು ಸೇರಿ ಇದನ್ನೇ ಮಾಡುತ್ತೇವೆ: ಹೋಟೆಲಿನ ಗಲ್ಲಾದಲ್ಲಿ ಕೂರುವವರು, ದೋಸೆ ಕಾವಲಿಯ ಮುಂದೆ ನಿಲ್ಲುವವರು, ಬ್ಯಾಂಕಿನವರು, ಮೊಮ್ಮಕ್ಕಳನ್ನು ಎತ್ತಿ ಎತ್ತಿ ಸೊಂಟ ಬಿದ್ದ ಅಜ್ಜಿಯರು.

ಮೊದಲು ಡಾಕ್ಟರ ಬಳಿ ಹೋಗಬೇಕಾದವರು

ಈ ಭಾಗವನ್ನು ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಗಳ ನಡುವೆ, ಗುದದ ಸುತ್ತ ಜೋಮು ಹಿಡಿದಂತಾದರೆ ಒಂದು ದಿನವೂ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನಡೆಯುವಾಗ ಪಾದ ಜೋತು ಬೀಳುತ್ತಿದ್ದರೆ, ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ ಅದೂ ತಡ ಮಾಡುವ ವಿಷಯವಲ್ಲ. ಬೆನ್ನು ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ, ಬಿದ್ದು ಪೆಟ್ಟಾಗಿರುವುದು, ಇವುಗಳಲ್ಲಿ ಯಾವುದಿದ್ದರೂ ಚಾಪೆ ಹಾಸುವ ಮುಂಚೆ ಪರೀಕ್ಷೆ ಆಗಲಿ. ಗರ್ಭಿಣಿಯರು, ಬೆನ್ನಿನ ಆಪರೇಶನ್ ಆದವರು ತಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಮೂಳೆ ಸವೆದ ಹಿರಿಯರು ಬೆನ್ನನ್ನು ಮುಂದಕ್ಕೆ ಗುಂಡಗೆ ಬಗ್ಗಿಸಿದರೆ, ಜೋರಾಗಿ ತಿರುಚಿದರೆ ಬೆನ್ನೆಲುಬಿನ ಮಣಿಯೇ ಬಿರುಕು ಬಿಡಬಹುದು. ಅವರೂ ಕೇಳಿಕೊಂಡೇ ಮಾಡಲಿ.

ಉಳಿದವರು ಹೆದರಬೇಕಾಗಿಲ್ಲ. ಸೊಂಟ ನೋವಿನಲ್ಲಿ ಬಹುಪಾಲು, ಇಂಥದ್ದೇ ರೋಗ ಎಂದು ಬೆರಳಿಟ್ಟು ತೋರಿಸಲಾಗದ ನೋವು. ಎಂಆರ್‌ಐ ವರದಿಯಲ್ಲಿ 'ಡಿಸ್ಕ್ ಬಲ್ಜ್' (ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ಉಬ್ಬಿದೆ) ಎಂದು ಓದಿ ಕಂಗಾಲಾದವರನ್ನು ತುಂಬ ನೋಡಿದ್ದೇನೆ, ನಾನೂ ಹಾಗೇ ಆಗಿದ್ದೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ವಿಮರ್ಶೆಯಲ್ಲಿ ಇಪ್ಪತ್ತರ ವಯಸ್ಸಿನವರಲ್ಲಿ 37 ಶೇಕಡ, ಎಂಬತ್ತರವರಲ್ಲಿ 96 ಶೇಕಡ ಮಂದಿಗೆ ಡಿಸ್ಕ್ ಸವೆದಿತ್ತು. ತಲೆ ನರೆತಂತೆ ಡಿಸ್ಕೂ ಸವೆಯುತ್ತದೆ. ಸವೆದದ್ದಕ್ಕೆಲ್ಲ ನೋವು ಬರುವುದಿಲ್ಲ.

ಬೇಕಾದ ಸಾಮಾನು, ಹೊತ್ತು

ಒಂದು ಜಮಖಾನ, ಎರಡು ದಿಂಬು, ಒಂದು ಗಟ್ಟಿ ಕುರ್ಚಿ, ಒಂದು ಹಳೆಯ ಹತ್ತಿಯ ದುಪಟ್ಟಾ ಅಥವಾ ಪಂಚೆ. ಮುಂಬೈಯ ಒಂದು ಕೋಣೆಯ ಮನೆಯಲ್ಲೂ ಕಾಟಿನ ಪಕ್ಕ ಮೂರಡಿ ಅಗಲದ ಜಾಗ ಸಿಕ್ಕರೆ ಸಾಕು.

ಕುರ್ಚಿ, ಪಟ್ಟಿ, ದಿಂಬು ಇಟ್ಟುಕೊಂಡರೆ ಅದೆಂಥ ಯೋಗ ಎಂದು ಕೆಲವರಿಗೆ ಅನ್ನಿಸುತ್ತದೆ. ಹಾಗೆ ಅನ್ನಿಸುವವರಿಗೆ ನಾನು ಬಿ.ಕೆ.ಎಸ್. ಅಯ್ಯಂಗಾರರ ಮಾತೆತ್ತುತ್ತೇನೆ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗಗುರು ಕೃಷ್ಣಮಾಚಾರ್ಯರಲ್ಲಿ ಕಲಿತು, 1937ರಲ್ಲಿ ಪುಣೆಗೆ ಬಂದವರು. ಚಿಕ್ಕಂದಿನಲ್ಲಿ ಕಾಯಿಲೆಯಿಂದ ಸೊರಗಿದ್ದ ದೇಹ ಅವರದು. ಬಗ್ಗದ ಮೈಗೂ, ನೋಯುವ ಮೈಗೂ ಆಸನ ಸಿಗಬೇಕೆಂದು ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳನ್ನು ಯೋಗದೊಳಗೆ ತಂದರು. ಪತ್ನಿ ರಮಾಮಣಿಯವರ ನೆನಪಿನಲ್ಲಿ ಪುಣೆಯಲ್ಲಿ 1975ರಲ್ಲಿ ತೆರೆದ ಅವರ ಸಂಸ್ಥೆಗೆ ಇಂದಿಗೂ ದೇಶವಿದೇಶದಿಂದ ಕಲಿಯುವವರು ಬರುತ್ತಾರೆ. ನಾನು ಕೆಳಗೆ ಹೇಳುವ ಕುರ್ಚಿಯ ಉಪಯೋಗಕ್ಕೆ ಆ ದಾರಿಯ ಋಣವಿದೆ.

ಹೊತ್ತಿನ ಬಗ್ಗೆ ಒಂದು ಮುಖ್ಯ ಮಾತು. ಬ್ರಾಹ್ಮೀ ಮುಹೂರ್ತದಲ್ಲೇ ಯೋಗ ಮಾಡಬೇಕೆಂದು ಹಿರಿಯರು ಹೇಳುತ್ತಾರೆ. ಸೊಂಟ ನೋವಿದ್ದವರು ಎದ್ದ ಕೂಡಲೇ ಮುಂದಕ್ಕೆ ಬಗ್ಗುವ ಆಸನ ಮಾಡಬೇಡಿ. ರಾತ್ರಿಯೆಲ್ಲ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಬೆಳಿಗ್ಗೆ ನಾವು ಸ್ವಲ್ಪ ಎತ್ತರವೂ ಇರುತ್ತೇವೆ. ಆ ಹೊತ್ತಿನಲ್ಲಿ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ಹೆಚ್ಚು. ಎದ್ದು ಒಂದು ಗಂಟೆ ಓಡಾಡಿದ ಮೇಲೆ ಮಾಡಿ, ಇಲ್ಲವೇ ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಊಟಕ್ಕೆ ಮುಂಚೆ. ನನಗೆ ಸಂಜೆಯೇ ಒಗ್ಗಿತು.

ನೋವು ಎತ್ತ ಸರಿಯುತ್ತಿದೆ?

ನನ್ನ ಸೊಂಟದಿಂದ ನಾನು ಕಲಿತ ಪಾಠ ಇದೊಂದೇ. ಯಾವುದೇ ಆಸನ ಮಾಡುವಾಗಲೂ, ಮಾಡಿ ಮುಗಿಸಿದ ಮೇಲೂ ನೋವು ಎಲ್ಲಿದೆ ಎಂದು ಗಮನಿಸಿ. ಮೀನಖಂಡದಲ್ಲಿದ್ದದ್ದು ತೊಡೆಗೆ, ತೊಡೆಯಲ್ಲಿದ್ದದ್ದು ಪೃಷ್ಠಕ್ಕೆ, ಅಲ್ಲಿಂದ ಸೊಂಟದ ನಡುವಿಗೆ ಸರಿಯುತ್ತಿದ್ದರೆ ಆ ಆಸನ ನಿಮಗೆ ಹೊಂದುತ್ತದೆ. ಆಗ ಸೊಂಟದಲ್ಲಿ ನೋವು ತುಸು ಹೆಚ್ಚಾದಂತೆ ಅನ್ನಿಸಿದರೂ ಗಾಬರಿ ಬೇಡ. ಸೊಂಟದಲ್ಲಿದ್ದದ್ದು ಕಾಲಿಗೆ ಇಳಿಯುತ್ತಿದ್ದರೆ, ಜೋಮು, ಉರಿ ಪಾದದ ಕಡೆ ಹೊರಟರೆ ತಕ್ಷಣ ಬಿಡಿ, ಯಾರು ಏನೇ ಹೇಳಲಿ. ಅಂದು ಕ್ಲಾಸಿನಲ್ಲಿ ನನಗೆ ಇದನ್ನು ಯಾರಾದರೂ ಹೇಳಿದ್ದರೆ ಎರಡು ತಿಂಗಳು ಹಾಸಿಗೆ ಹಿಡಿಯುತ್ತಿರಲಿಲ್ಲ.

ಹಿಗ್ಗುವ ನೋವಿಗೂ ಚುಚ್ಚುವ ನೋವಿಗೂ ವ್ಯತ್ಯಾಸವಿದೆ. ತೊಡೆಯ ಹಿಂಭಾಗ ಎಳೆದಂತಾಗಿ, ಉಸಿರು ಬಿಟ್ಟಾಗ ಸಡಿಲವಾಗುವುದು ಸ್ನಾಯುವಿನ ಎಳೆತ, ಪರವಾಗಿಲ್ಲ. ಕರೆಂಟ್ ಹೊಡೆದಂತೆ ಗೆರೆ ಎಳೆದು ಹೋಗುವುದು ನರದ ದೂರು.

ಹಂತ 1: ಕುರ್ಚಿಯ ಮೇಲೆ ಕಾಲು

ನೆಲದಲ್ಲಿ ಅಂಗಾತ ಮಲಗಿ, ಎರಡೂ ಮೀನಖಂಡಗಳನ್ನು ಕುರ್ಚಿಯ ಮೇಲಿಡಿ. ಮಂಡಿ ಸರಿಯಾಗಿ ಕುರ್ಚಿಯ ಅಂಚಿನ ಹತ್ತಿರ, ತೊಡೆ ನೆಟ್ಟಗೆ ಮೇಲಕ್ಕೆ. ಕುರ್ಚಿ ಎತ್ತರವಾಗಿ ಸೊಂಟ ನೆಲದಿಂದ ಎದ್ದಂತಾದರೆ ಅದು ತಪ್ಪು, ದಿವಾನ್ ಅಥವಾ ಸ್ಟೂಲ್ ನೋಡಿಕೊಳ್ಳಿ. ತಲೆಯ ಕೆಳಗೆ ಮಡಿಸಿದ ಟವೆಲ್. ಕೈ ಹೊಟ್ಟೆಯ ಮೇಲೆ.

ಮೂಗಿನಿಂದ ನಾಲ್ಕು ಎಣಿಸುತ್ತ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ಹೊಟ್ಟೆ ಏಳಬೇಕು, ಇಳಿಯಬೇಕು. ಹತ್ತು ನಿಮಿಷ. ಮೊದಲ ವಾರ ಇಷ್ಟೇ ಮಾಡಿದರೂ ಸಾಕು. ಲೋಕಲ್‌ನ ನೂಕಾಟದಲ್ಲಿ ಬಿಗಿದುಕೊಂಡ ಸೊಂಟದ ಸ್ನಾಯುಗಳು ನಾವು ಹೇಳಿದ ಮಾತ್ರಕ್ಕೆ ಸಡಿಲವಾಗುವುದಿಲ್ಲ. ನಿಧಾನವಾಗಿ ಬಿಡುವ ಉಸಿರಿಗೆ ಅವು ಬಗ್ಗುತ್ತವೆ. ನಮ್ಮ ಭಾನುವಾರದ ಗುಂಪಿನಲ್ಲಿ ಹೊಸಬರಿಗೆ ತೀರಾ ಬೇಸರ ತರುವ ಹಂತ ಇದು. ಮೂರನೇ ವಾರದ ಹೊತ್ತಿಗೆ ಅವರೇ ಮೊದಲು ಬಂದು ಕುರ್ಚಿ ಹಿಡಿಯುತ್ತಾರೆ.

ಹಂತ 2: ಮಾರ್ಜಾಲಾಸನ

ಮಂಡಿ ಮತ್ತು ಅಂಗೈ ಊರಿ, ಹೆಗಲಿನ ಕೆಳಗೆ ಅಂಗೈ, ಸೊಂಟದ ಕೆಳಗೆ ಮಂಡಿ ಬರುವಂತೆ ನಿಲ್ಲಿ. ಮಂಡಿಯ ಕೆಳಗೆ ಹೊದಿಕೆ ಮಡಿಸಿ ಹಾಕಿ. ಮಣಿಕಟ್ಟು ನೋಯುವವರು ಮುಷ್ಟಿ ಕಟ್ಟಿ ಊರಬಹುದು. ಉಸಿರು ಬಿಡುತ್ತ ಹೊಕ್ಕುಳನ್ನು ಒಳಗೆಳೆದು ಬೆನ್ನನ್ನು ಚಾವಣಿಯ ಕಡೆ ಗುಂಡಗೆ ಮಾಡಿ, ತಲೆ ಇಳಿಬಿಡಿ. ಉಸಿರು ತೆಗೆದುಕೊಳ್ಳುತ್ತ ಎದೆ ಮುಂದಕ್ಕೆ ತಂದು ಬೆನ್ನನ್ನು ನಿಧಾನ ಕೆಳಗಿಳಿಸಿ.

ಹೆಚ್ಚಿನವರು ಇದನ್ನು ಕುತ್ತಿಗೆಯಲ್ಲಿ ಮಾಡುತ್ತಾರೆ, ತಲೆ ಮೇಲೆ ಕೆಳಗೆ ಆಡಿಸುತ್ತಾರೆ, ಸೊಂಟ ಇದ್ದಲ್ಲೇ ಇರುತ್ತದೆ. ಚಲನೆ ಬಾಲದ ಮೂಳೆಯಿಂದ ಶುರುವಾಗಿ ಒಂದೊಂದೇ ಮಣಿ ದಾಟಿ ತಲೆಗೆ ಬರಬೇಕು, ಮಾಲೆಯ ಒಂದು ತುದಿ ಎಳೆದರೆ ಮಣಿಗಳು ಸಾಲಾಗಿ ಕದಲುವಂತೆ. ದೊಡ್ಡವರ ಡಿಸ್ಕ್‌ಗಳಿಗೆ ತಮ್ಮದೇ ರಕ್ತನಾಳ ಇಲ್ಲವೆನ್ನುವಷ್ಟು ಕಡಿಮೆ. ಸುತ್ತಲಿಂದ ಜಿನುಗಿ ಬರುವ ಪೋಷಣೆಯೇ ಅವಕ್ಕೆ ಆಧಾರ, ಚಲನೆ ಅದಕ್ಕೆ ನೆರವು. 'ಮಲಗಿಬಿಡಿ, ಏಳಬೇಡಿ' ಎಂಬ ಹಳೆಯ ಸಲಹೆಯನ್ನು ಇಂದಿನ ವೈದ್ಯರು ಕೈಬಿಟ್ಟಿದ್ದಾರೆ. ಹತ್ತು ಬಾರಿ ಮಾಡಿ. ಯಾವ ತುದಿಯಲ್ಲಿ ನೋವು ಏರುತ್ತದೆ, ಗುಂಡಗೆ ಮಾಡಿದಾಗಲೋ, ಇಳಿಸಿದಾಗಲೋ? ನೆನಪಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಇದೇ ದಿಕ್ಸೂಚಿ.

ಹಂತ 3: ಇಲ್ಲಿ ದಾರಿ ಎರಡಾಗುತ್ತದೆ

ನಮ್ಮ ಗುಂಪಿನ ಇಬ್ಬರ ಕತೆ ಹೇಳುತ್ತೇನೆ. ಒಬ್ಬರು ಹೋಟೆಲಿನ ಗಲ್ಲಾದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರುವ ಅಣ್ಣ. "ಅಕ್ಕಾ, ಕೂತರೆ ಸಾಯ್ತೇನೆ, ನಡೆದರೆ ಆರಾಮ" ಎನ್ನುತ್ತಿದ್ದರು. ಶೂ ಲೇಸ್ ಕಟ್ಟಲು ಬಗ್ಗಿದರೆ, ಸೀನಿದರೆ ಕಾಲಿಗೆ ಝುಂ ಎನ್ನುತ್ತಿತ್ತು. ಇನ್ನೊಬ್ಬರು ಎಪ್ಪತ್ತು ದಾಟಿದ ದೊಡ್ಡಮ್ಮ. ಅವರಿಗೆ ಪೂರ್ತಿ ಉಲ್ಟಾ. ಕೂತರೆ ಹಾಯಿ, ಸ್ಟೇಷನ್ನಿನವರೆಗೆ ನಡೆಯುವಷ್ಟರಲ್ಲಿ ಎರಡೂ ಕಾಲು ಭಾರ, ತರಕಾರಿ ಅಂಗಡಿಯ ಕಟ್ಟೆಗೆ ಮುಂದಕ್ಕೆ ಒರಗಿ ನಿಂತರೆ ಮಾತ್ರ ಸಮಾಧಾನ. ಇಬ್ಬರಿಗೂ ಒಂದೇ ಆಸನ ಕೊಟ್ಟರೆ ಒಬ್ಬರಿಗೆ ಕೇಡು ಖಂಡಿತ.

ಬಗ್ಗಿದರೆ, ಕೂತರೆ ನೋವು ಹೆಚ್ಚುವವರು ಗಲ್ಲಾದ ಅಣ್ಣನ ದಾರಿ ಹಿಡಿಯಿರಿ. ಮೊದಲು ಮಕರಾಸನ: ಬೋರಲು ಮಲಗಿ, ಕೈ ಮಡಿಸಿ ಅದರ ಮೇಲೆ ಹಣೆಯಿಟ್ಟು ಎರಡು ಮೂರು ನಿಮಿಷ. ಅದೇ ನೋಯುತ್ತಿದ್ದರೆ ಹೊಟ್ಟೆಯ ಕೆಳಗೆ ತೆಳು ದಿಂಬು. ಹಿಡಿಸಿದರೆ ಮೊಣಕೈ ಹೆಗಲಿನ ಕೆಳಗೆ ಊರಿ ಎದೆ ಎತ್ತಿ ಒಂದು ನಿಮಿಷ ಇರಿ. ಇಷ್ಟು ಒಂದು ವಾರ ನೋವಿಲ್ಲದೆ ನಡೆದರೆ ಭುಜಂಗಾಸನ: ಅಂಗೈ ಎದೆಯ ಪಕ್ಕ, ಪೃಷ್ಠ ಸಡಿಲ, ಕಿಬ್ಬೊಟ್ಟೆ ನೆಲ ಬಿಡದಂತೆ ಎದೆ ಮೇಲೆತ್ತಿ, ಎರಡು ಉಸಿರು ಇದ್ದು ಇಳಿಸಿ. ಆರರಿಂದ ಎಂಟು ಬಾರಿ. ಎಷ್ಟು ಎತ್ತರ ಎದ್ದಿರಿ ಎನ್ನುವುದಕ್ಕೆ ಬೆಲೆಯಿಲ್ಲ. ಅಣ್ಣ ಈಗ ಗಲ್ಲಾದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈಕೊಟ್ಟು ಐದು ಬಾರಿ ಹಿಂದಕ್ಕೆ ಬಾಗಿ, ಮತ್ತೆ ಕೂರುತ್ತಾರೆ. ಗಿರಾಕಿಗಳಿಗೂ ಅಭ್ಯಾಸವಾಗಿದೆ.

ನಿಂತರೆ, ನಡೆದರೆ, ಹಿಂದಕ್ಕೆ ಬಾಗಿದರೆ ನೋವು ಹೆಚ್ಚುವವರಿಗೆ, ಅದರಲ್ಲೂ ವಯಸ್ಸಾದವರಿಗೆ, ಭುಜಂಗಾಸನ ಬೇಡ. ದೊಡ್ಡಮ್ಮ ಮಾಡುವುದು ಅಂಗಾತ ಮಲಗಿ ಒಂದೊಂದೇ ಮಂಡಿಯನ್ನು ಎದೆಗೆ ತಂದುಕೊಳ್ಳುವ ಪವನಮುಕ್ತಾಸನ, ತಲೆ ನೆಲದಲ್ಲೇ ಇಟ್ಟು. ಆಮೇಲೆ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಎರಡು ದಿಂಬಿಟ್ಟು ಅದರ ಮೇಲೆ ಒರಗುವುದು. ಮಂಡಿ ಚೆನ್ನಾಗಿರುವವರು, ಮಂಡಿ ಮಡಿಸಿ ಕೂತು ಮುಂದೆ ಇಟ್ಟ ದಿಂಬಿನ ಮೇಲೆ ಒರಗುವ ಬಾಲಾಸನ ಮಾಡಬಹುದು. ದೊಡ್ಡಮ್ಮನ ಮೂಳೆಯ ಪರೀಕ್ಷೆ ಮಾಡಿಸಿದ ಮೇಲೇ ಇದನ್ನು ಶುರು ಮಾಡಿದೆವು.

ಮುಂದೆ ಬಗ್ಗಿದರೂ ಹಿಂದೆ ಬಾಗಿದರೂ ನೋವಿದ್ದರೆ ಹಂತ 1 ಮತ್ತು 2ರಲ್ಲೇ ಇನ್ನೆರಡು ವಾರ ಇರಿ.

ಹಂತ 4: ಬಲ ತುಂಬುವುದು

ನೋವು ಇಳಿದ ಕೂಡಲೇ ಜನ ಬಿಟ್ಟುಬಿಡುವುದು ಇಲ್ಲೇ. ಸೊಂಟ ಮತ್ತೆ ಹಿಡಿಯುವುದಕ್ಕೆ ಇದೇ ದೊಡ್ಡ ಕಾರಣ ಎಂಬುದು ನನ್ನ ಅನುಭವ. ದಿನವಿಡೀ ಕೂರುವವರ ಪೃಷ್ಠದ ಸ್ನಾಯುಗಳು ಸೋತಿರುತ್ತವೆ, ಅವು ಮಾಡಬೇಕಾದ ಕೆಲಸ ಸೊಂಟದ ಮೇಲೆ ಬೀಳುತ್ತದೆ.

ಸೇತುಬಂಧಾಸನಕ್ಕೆ ಅಂಗಾತ ಮಲಗಿ ಮಂಡಿ ಮಡಿಸಿ, ಪಾದಗಳ ನಡುವೆ ಒಂದು ಗೇಣು ಬಿಡಿ. ಉಸಿರು ಬಿಡುತ್ತ ಹಿಮ್ಮಡಿ ನೆಲಕ್ಕೊತ್ತಿ, ಪೃಷ್ಠ ಬಿಗಿದು ಸೊಂಟ ಎತ್ತಿ. ಮಂಡಿಯಿಂದ ಹೆಗಲಿಗೆ ಒಂದು ಗೆರೆ ಬಂದರೆ ಸಾಕು, ಬಿಲ್ಲಿನಂತೆ ಬಾಗಬೇಕಾಗಿಲ್ಲ. ಐದು ಉಸಿರು, ನಿಧಾನ ಇಳಿಸಿ. ಎಂಟು ಬಾರಿ. ತೊಡೆಯ ಹಿಂಭಾಗ ಸೆಡೆತರೆ ಪಾದಗಳನ್ನು ಪೃಷ್ಠಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಳ್ಳಿ.

ಮತ್ತೆ ಮಾರ್ಜಾಲದ ನಿಲುವಿಗೆ ಬಂದು ಬಲಗೈಯನ್ನು ಮುಂದಕ್ಕೆ, ಎಡಗಾಲನ್ನು ಹಿಂದಕ್ಕೆ ಚಾಚಿ, ಬೆನ್ನ ಮೇಲೆ ನೀರಿನ ಲೋಟ ಇಟ್ಟಿದ್ದಾರೆ ಎಂದುಕೊಂಡು ಅಲುಗಾಡದೆ ಮೂರು ಉಸಿರು. ಆಮೇಲೆ ಇನ್ನೊಂದು ಬದಿ. ಆರಾರು ಬಾರಿ. ಹಿಂದಕ್ಕೆ ಬಾಗಿದರೆ ಹಿತ ಎನ್ನುವವರು ಬೋರಲು ಮಲಗಿ ಒಂದೊಂದೇ ಕಾಲೆತ್ತುವ ಅರ್ಧ ಶಲಭಾಸನವನ್ನೂ ಸೇರಿಸಿಕೊಳ್ಳಿ.

ಹಂತ 5: ತೊಡೆಯ ಹಿಂಭಾಗ, ಅಡುಗೆ ಕಟ್ಟೆ

ನಿಂತು ಕಾಲ್ಬೆರಳು ಮುಟ್ಟುವುದು ಬೇಡ. ಅಂಗಾತ ಮಲಗಿ, ದುಪಟ್ಟಾವನ್ನು ಬಲಪಾದಕ್ಕೆ ಹಾಕಿ ಕಾಲು ಮೇಲೆತ್ತಿ. ಇದು ಸುಪ್ತ ಪಾದಾಂಗುಷ್ಠಾಸನ. ಇನ್ನೊಂದು ಮಂಡಿ ಮಡಿಸಿರಲಿ. ಎತ್ತಿದ ಮಂಡಿ ತುಸು ಬಾಗಿದ್ದರೂ ಚಿಂತೆಯಿಲ್ಲ, ಸೊಂಟ ನೆಲ ಬಿಡಬಾರದು. ಅರ್ಧ ನಿಮಿಷ, ಎರಡೆರಡು ಬಾರಿ. ಕಾಲಿನಲ್ಲಿ ಜುಮುಜುಮು ಎದ್ದರೆ ಕಾಲು ಇಳಿಸಿ, ಅಂದಿಗೆ ಇದನ್ನು ಬಿಡಿ.

ಅಡುಗೆ ಕಟ್ಟೆಯ ಆಸನ ನನಗೆ ತುಂಬ ಪ್ರೀತಿಯದು. ಕುಕ್ಕರ್ ಮೂರು ಸೀಟಿ ಕೂಗುವಷ್ಟರಲ್ಲಿ ಮುಗಿಯುತ್ತದೆ. ಒಲೆಯಿಂದ ದೂರದ ಅಂಚಿನಲ್ಲಿ ಎರಡೂ ಅಂಗೈ ಇಟ್ಟು, ಹಿಂದಕ್ಕೆ ಹೆಜ್ಜೆ ಹಾಕುತ್ತ ಮೈಯನ್ನು ಸೊಂಟದ ಸಂದಿನಲ್ಲಿ ಬಗ್ಗಿಸಿ. ಮಂಡಿ ಮಡಿಸಿಯೇ ಇಡಿ. ಪೃಷ್ಠವನ್ನು ಹಿಂದಕ್ಕೆ, ಯಾರೋ ಎಳೆದಂತೆ. ಬೆನ್ನು ಟೇಬಲ್ಲಿನಂತೆ ಚಪ್ಪಟೆ, ಕಿವಿ ತೋಳುಗಳ ನಡುವೆ. ಐದು ಉಸಿರು. ಮೇಲೆ ಬರುವಾಗ ಮಂಡಿ ಮಡಿಸಿ, ಕಟ್ಟೆಯ ಕಡೆ ನಡೆದುಕೊಂಡೇ ಬನ್ನಿ. ಬೆನ್ನು ಗುಂಡಗೆ ಮಾಡದೆ ಬಗ್ಗುವುದು ಹೇಗೆಂದು ಮೈಗೆ ಕಲಿಸುವ ಆಸನ ಇದು. ಸಿಲಿಂಡರ್ ಸರಿಸುವಾಗಲೂ ಇದೇ ಬಗ್ಗು ಬೇಕು. ಮನೆಯ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆ.ಜಿ., ಡಬ್ಬದ ತೂಕ ಸೇರಿದರೆ ಮೂವತ್ತರ ಹತ್ತಿರ. ಅದನ್ನು ಎತ್ತಲೇಬೇಡಿ, ಓರೆ ಮಾಡಿ ಉರುಳಿಸಿ.

ಕೊನೆಗೆ ಮಂಡಿಯ ಕೆಳಗೆ ದಿಂಬಿಟ್ಟು ಐದು ನಿಮಿಷ ಶವಾಸನ. ಏಳುವಾಗ ಮಗ್ಗುಲಾಗಿ, ಕೈ ಊರಿ ಏಳಿ.

ಸದ್ಯಕ್ಕೆ ಬೇಡವಾದವು

ಪಶ್ಚಿಮೋತ್ತಾನಾಸನ, ಅಂಗಾತ ಮಲಗಿ ಕಾಲನ್ನು ತಲೆಯ ಹಿಂದಕ್ಕೆ ಒಯ್ಯುವ ಹಲಾಸನ, ಎರಡೂ ಕಾಲು ನೆಟ್ಟಗೆ ಒಟ್ಟಿಗೆ ಎತ್ತುವುದು, ಬೆನ್ನು ಜೋರಾಗಿ ತಿರುಚುವುದು, ಎಣಿಸಿ ಎಣಿಸಿ ವೇಗವಾಗಿ ಮಾಡುವ ಸೂರ್ಯನಮಸ್ಕಾರ. ರಥಸಪ್ತಮಿಯ ದಿನ 108 ಸೂರ್ಯನಮಸ್ಕಾರಕ್ಕೆ ಕರೆದರೆ ಜೊತೆಗೆ ಕೂತು ಪ್ರಾಣಾಯಾಮ ಮಾಡಿ, ಪುಣ್ಯ ಕಡಿಮೆಯಾಗುವುದಿಲ್ಲ.

ಎಷ್ಟು ದಿನ?

ದಿನಕ್ಕೆ ಇಪ್ಪತ್ತೈದು ನಿಮಿಷ, ವಾರಕ್ಕೆ ಐದು ದಿನವಾದರೂ. ಮೊದಲೆರಡು ವಾರ ಹಂತ 1 ಮತ್ತು 2, ಮುಂದಿನೆರಡು ವಾರ ಮೂರನೆಯದು, ಐದನೇ ವಾರದಿಂದ ಉಳಿದದ್ದು. 2017ರಲ್ಲಿ ಪ್ರಕಟವಾದ, 320 ಜನರ ಮೇಲೆ ನಡೆದ ಅಮೆರಿಕದ ಒಂದು ಅಧ್ಯಯನದಲ್ಲಿ 12 ವಾರದ ಯೋಗ ತರಗತಿ ಫಿಸಿಯೋಥೆರಪಿಗೆ ಸರಿಸಮವಾಗಿ ನಿಂತಿತು. ಅದೇ ವರ್ಷ ಅಲ್ಲಿನ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಂಸ್ಥೆ, ಬಹುಕಾಲದ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬೇಕಾದವುಗಳಲ್ಲಿ ಯೋಗವನ್ನೂ ಸೇರಿಸಿತು. ಆದ್ದರಿಂದ ಮೂರು ತಿಂಗಳು ತಾಳ್ಮೆ ಇರಲಿ. ನಡುವೆ ಒಂದು ದಿನ ನೋವು ಮರುಕಳಿಸುತ್ತದೆ, ಬಹುತೇಕ ಎಲ್ಲರಿಗೂ. ಅಂದು ಹಂತ 1 ಮಾತ್ರ ಮಾಡಿ, ಮನೆಯೊಳಗೇ ಐದೈದು ನಿಮಿಷ ನಡೆಯಿರಿ, ಮರುದಿನ ಎರಡನೇ ಹಂತಕ್ಕೆ ಹೋಗಿ.

ಲೋಕಲ್‌ನಲ್ಲಿ

ಫೋರ್ತ್ ಸೀಟಿಗೆ ಆಸೆ ಪಡಬೇಡಿ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಪೃಷ್ಠ ಊರಿ, ಇನ್ನರ್ಧ ಗಾಳಿಯಲ್ಲಿ ಇಟ್ಟು ಕಲ್ಯಾಣದವರೆಗೆ ಕೂರುವುದಕ್ಕಿಂತ ನಿಲ್ಲುವುದು ಸೊಂಟಕ್ಕೆ ಲೇಸು. ನಿಲ್ಲುವಾಗ ಗಾಡಿ ಹೋಗುವ ದಿಕ್ಕಿಗೆ ಒಂದು ಪಾದ ಮುಂದೆ, ಒಂದು ಹಿಂದೆ, ಮಂಡಿ ಸಡಿಲ. ಬ್ರೇಕ್ ಹಾಕಿದಾಗ ಜೋಲಿಯನ್ನು ಕಾಲು ನುಂಗುತ್ತದೆ, ಸೊಂಟಕ್ಕೆ ಹೋಗುವುದಿಲ್ಲ. ಬ್ಯಾಗು ಎದೆಯ ಮುಂದೆ, ಮೈಗೆ ಅಂಟಿಕೊಂಡಿರಲಿ. ಹಿಡಿಕೆಗೆ ಜೋತು ಬೀಳದೆ ಮೊಣಕೈ ಮಡಿಸಿ ಹಿಡಿಯಿರಿ. ಎರಡು ಸ್ಟೇಷನ್ನುಗಳ ನಡುವೆ ಪಾದದ ನಾಲ್ಕು ಮೂಲೆಗಳ ಮೇಲೂ ಭಾರ ಹಂಚಿ, ನೆತ್ತಿ ಮೇಲಕ್ಕೆಳೆದು ತಾಡಾಸನದಲ್ಲಿ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ.

ಕ್ಲಾಸಿಗೆ ಸೇರುವುದಾದರೆ

ಒಬ್ಬರ ಕಣ್ಣೆದುರು ಕಲಿಯುವುದು ಯಾವತ್ತೂ ಉತ್ತಮ. ಶ್ರೀ ಯೋಗೇಂದ್ರರು 1918ರಲ್ಲಿ ಶುರು ಮಾಡಿದ ದಿ ಯೋಗ ಇನ್‌ಸ್ಟಿಟ್ಯೂಟ್ ಈಗ ಸಾಂತಾಕ್ರೂಜ್ ಪೂರ್ವದಲ್ಲಿದೆ. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಶುರು ಮಾಡಿದ ಕೈವಲ್ಯಧಾಮದ ಮುಂಬೈ ಕೇಂದ್ರ ಚರ್ನಿ ರೋಡ್ ಸ್ಟೇಷನ್ನಿನ ಹತ್ತಿರ, ಮರೀನ್ ಡ್ರೈವ್‌ನಲ್ಲಿದೆ. ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮ ಹತ್ತಿರದ ಕ್ಲಾಸಿಗೇ ಹೋಗಿ, ಆದರೆ ಹಣ ಕಟ್ಟುವ ಮುಂಚೆ ಒಂದು ದಿನ ಗೋಡೆಗೊರಗಿ ಕೂತು ನೋಡಿ. ನೋವು ಎಲ್ಲಿದೆ, ಕೂತರೆ ಹೆಚ್ಚೋ ನಿಂತರೆ ಹೆಚ್ಚೋ, ಕಾಲಿಗೆ ಇಳಿಯುತ್ತದೋ ಎಂದು ಕಲಿಸುವವರು ತಾವಾಗಿ ಕೇಳಿದರೆ ಸೇರಿ. ಏನೂ ಕೇಳದೆ ಮೊದಲ ದಿನವೇ ಕಾಲು ಚಾಚಿಸಿ, ಹಿಂದಿನಿಂದ ಬೆನ್ನ ಮೇಲೆ ಕೈಯಿಟ್ಟು ಒತ್ತಲು ಬಂದರೆ, "ಬೇಡ ಸರ್" ಎಂದು ಹೇಳಿ ಚಾಪೆ ಸುತ್ತಿಕೊಂಡು ಮನೆಗೆ ಬನ್ನಿ.